ಸಂತಾನೋತ್ಪತ್ತಿ ಪಾಠ ಶುರುವಾಗುವ ಮುನ್ನ: ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ವಾರದಿಂದ ನಿಮ್ಮ ಮಕ್ಕಳಿಗೆ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠ ಶುರುವಾಗುತ್ತದೆ. ಈ ಪಾಠ ಬಂದರೆ ಮಕ್ಕಳು ತಲೆ ತಗ್ಗಿಸುತ್ತಾರೆ, ದೊಡ್ಡವರು ಮಾತು ಮರೆಸುತ್ತಾರೆ. ‘ಆ ಪುಟಗಳನ್ನು ನೀನೇ ಓದಿಕೋ’ ಎಂದು ದಾಟಿಸಿಬಿಡುವುದೂ ಉಂಟು. ನಾವು ಒಂದು ಪುಟವನ್ನೂ ಬಿಡದೆ ಕಲಿಸುತ್ತೇವೆ. ಏನು ಕಲಿಸುತ್ತೇವೆ, ಯಾಕೆ ಕಲಿಸುತ್ತೇವೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಪಾಠ ಶುರುವಾಗುವುದು ಮನುಷ್ಯರಿಂದಲ್ಲ, ಗಂಡು ಹೆಣ್ಣು ಎಂಬ ಭೇದವೇ ಇಲ್ಲದ ಜೀವಿಗಳಿಂದ. ಅಮೀಬಾ ಬೆಳೆದು ಎರಡಾಗುತ್ತದೆ, ಅಷ್ಟೆ. ತಾಯಿ ಯಾವುದು, ಮಗು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಹೀಗೆ ಒಡೆಯುತ್ತದೆ. ಅದೇ ವೇಗದಲ್ಲಿ ನಡೆದರೆ ಒಂದು ಜೀವಕೋಶ ಏಳು ಗಂಟೆಯಲ್ಲಿ 20,97,152 ಆಗಬೇಕು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇವೆ. ಯೀಸ್ಟ್ ಮತ್ತು ನೀರಿನಲ್ಲಿ ಬದುಕುವ ಹೈಡ್ರಾ ಎಂಬ ಪುಟ್ಟ ಜೀವಿಯ ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಬೇರೆಯಾಗುತ್ತದೆ. ಹೈಡ್ರಾವನ್ನು ತುಂಡು ಮಾಡಿದರೆ ಒಂದೊಂದು ತುಂಡೂ ಇಡೀ ಹೈಡ್ರಾ ಆಗುತ್ತದೆಂದು ಅಬ್ರಹಾಂ ಟ್ರೆಂಬ್ಲಿ ಎಂಬ ವಿಜ್ಞಾನಿ 1744ರಲ್ಲಿ ಪ್ರಕಟಿಸಿದಾಗ ಯುರೋಪಿನ ಪಂಡಿತರು ಬೆರಗಾಗಿದ್ದರು. ಬ್ರಯೋಫಿಲಂ ಎಂಬ ಗಿಡದ ಎಲೆಯ ಅಂಚಿನಲ್ಲಿ ಪುಟ್ಟ ಸಸಿಗಳು ಸಾಲಾಗಿ ಹುಟ್ಟುವುದನ್ನು ಮಕ್ಕಳು ಕಣ್ಣಾರೆ ನೋಡಲಿದ್ದಾರೆ.

ಇದು ಅಲೈಂಗಿಕ ಸಂತಾನೋತ್ಪತ್ತಿ. ಜೊತೆಗಾರ ಬೇಡ, ಹುಡುಕಾಟ ಬೇಡ, ಸಂತತಿ ಬಲು ಬೇಗ ಹೆಚ್ಚುತ್ತದೆ. ಹಾಗಾದರೆ ಇಷ್ಟೊಂದು ಜೀವಿಗಳು ಗಂಡು ಹೆಣ್ಣುಗಳ ಕಷ್ಟದ ದಾರಿ ಯಾಕೆ ಹಿಡಿದವು? ಇಡೀ ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಹೂವಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ ಬರುತ್ತದೆ, ನಿಜ. ಆದರೆ ಈ ಪ್ರಶ್ನೆ ತಲೆಗೆ ಹತ್ತದಿದ್ದರೆ ಪಾಠ ಮುಗಿದಂತಲ್ಲ.

ಉತ್ತರಕ್ಕೆ ಐರ್ಲೆಂಡಿನ ಇತಿಹಾಸಕ್ಕೆ ಹೋಗುತ್ತೇವೆ. ಅಲ್ಲಿನ ಬಡವರು ಬದುಕಿದ್ದೇ ಆಲೂಗಡ್ಡೆಯ ಮೇಲೆ, ಅದೂ ಹೆಚ್ಚಾಗಿ ‘ಲಂಪರ್’ ಎಂಬ ಒಂದೇ ತಳಿಯ ಮೇಲೆ. ಗಡ್ಡೆಯ ತುಂಡು ನೆಟ್ಟು ಬೆಳೆದ ಗಿಡಗಳೆಲ್ಲ ಒಂದರ ನಕಲು ಇನ್ನೊಂದು. 1845ರಲ್ಲಿ ಅಂಗಮಾರಿ ರೋಗ ಬಂತು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇರಲಿಲ್ಲವೆಂದರೆ ಪಕ್ಕದ ಗಿಡಕ್ಕೂ ಇರಲಿಲ್ಲ, ಹೊಲಕ್ಕೆ ಹೊಲವೇ ಕೊಳೆತಿತು. ಮುಂದಿನ ವರ್ಷಗಳಲ್ಲಿ ಹಸಿವು ಮತ್ತು ಕಾಯಿಲೆಗೆ ಸುಮಾರು 10 ಲಕ್ಷ ಜನ ಬಲಿಯಾದರು. ಅದರಲ್ಲಿ ಆಳುವವರ ಪಾಲೂ ಇತ್ತು, ಅದನ್ನು ಸಮಾಜ ವಿಜ್ಞಾನದ ಶಿಕ್ಷಕರು ಹೇಳುತ್ತಾರೆ.

ಲೈಂಗಿಕ ಸಂತಾನೋತ್ಪತ್ತಿಯಲ್ಲಿ ನಕಲು ಹುಟ್ಟುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ಹುಟ್ಟುಗುಣಗಳನ್ನು ಹೊತ್ತ 46 ವರ್ಣತಂತುಗಳಿವೆ (ಕ್ರೋಮೋಸೋಮ್): ತಾಯಿಯ ಅಂಡಾಣುವಿನಿಂದ 23, ತಂದೆಯ ವೀರ್ಯಾಣುವಿನಿಂದ 23. ಪ್ರತಿ ಜೋಡಿಯಿಂದ ಯಾವುದು ಲಿಂಗಾಣುವಿಗೆ, ಅಂದರೆ ಅಂಡಾಣು ಅಥವಾ ವೀರ್ಯಾಣುವಿಗೆ, ಹೋಗುತ್ತದೆ ಎಂಬುದೊಂದನ್ನೇ ಎಣಿಸಿದರೂ ಒಬ್ಬ ವ್ಯಕ್ತಿಯಲ್ಲಿ 83,88,608 ಬಗೆಯ ಲಿಂಗಾಣುಗಳು ಸಾಧ್ಯ. ವರ್ಣತಂತುಗಳು ತಮ್ಮೊಳಗೇ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಬಗೆಗಳು ಇನ್ನೂ ಹೆಚ್ಚುತ್ತವೆ. ಒಂದೇ ಮನೆಯ ಅಕ್ಕತಂಗಿಯರು ಒಬ್ಬರಂತೆ ಒಬ್ಬರು ಇರದಿರುವುದು ಇದರಿಂದಲೇ. ರೋಗವೋ ಬರವೋ ಬಂದಾಗ ಇಂಥ ಗುಂಪಿನಲ್ಲಿ ಕೆಲವರಾದರೂ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು.

ಗಿಡಹೇನುಗಳನ್ನು ನೋಡಿ, ನನಗೆ ಬಹಳ ಪ್ರಿಯವಾದ ಉದಾಹರಣೆ. ಅವುಗಳಲ್ಲಿ ಅನೇಕ ಜಾತಿಗಳು ಎರಡೂ ದಾರಿ ಬಲ್ಲವು. ಚಿಗುರು ಹೇರಳವಾಗಿರುವ ಕಾಲದಲ್ಲಿ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹೆರುತ್ತವೆ. ಹಗಲು ಕಿರಿದಾಗಿ ಚಳಿ ಹತ್ತಿರವಾದಾಗ ಗಂಡುಗಳೂ ಹುಟ್ಟುತ್ತವೆ. ಆಗ ಕೂಡುವಿಕೆಯಿಂದ ಮೊಟ್ಟೆಗಳಾಗಿ, ಅವು ಚಳಿಗಾಲ ದಾಟುತ್ತವೆ.

ಮನುಷ್ಯರ ಭಾಗಕ್ಕೆ ಬರುವಾಗ ಮಕ್ಕಳು ಇಷ್ಟು ದೂರ ನಡೆದಿರುತ್ತಾರೆ. ಪರಾಗಸ್ಪರ್ಶ, ನಿಷೇಚನ (ಗಂಡು ಹೆಣ್ಣು ಲಿಂಗಾಣುಗಳು ಕೂಡುವುದು), ಯುಗ್ಮಜ (ಹಾಗೆ ಕೂಡಿ ಆದ ಜೀವಕೋಶ) ಎಂಬ ಪದಗಳು ಬಾಯಿಗೆ ಒಗ್ಗಿರುತ್ತವೆ, ಸಂಕೋಚ ಅರ್ಧ ಕರಗಿರುತ್ತದೆ. ಹರೆಯದ ಬದಲಾವಣೆ, ಮುಟ್ಟು, ಗರ್ಭಧಾರಣೆ, ಗರ್ಭನಿರೋಧಕಗಳು, ಲೈಂಗಿಕವಾಗಿ ಹರಡುವ ಸೋಂಕುಗಳು ಎಲ್ಲವೂ ಬರುತ್ತವೆ. ಹುಡುಗರು ಹುಡುಗಿಯರು ಒಟ್ಟಿಗೇ ಕೂತು ಕೇಳುತ್ತಾರೆ. ಮುಟ್ಟಿನ ವಿಷಯ ಹುಡುಗರಿಗೆ ತಿಳಿಯದೆ ಉಳಿದರೆ ಅದು ಗೇಲಿಯ ವಸ್ತುವಾಗುತ್ತದೆ, ಅದನ್ನು ನಾನು ಒಪ್ಪಲಾರೆ.

ಒಂದು ಮಾತನ್ನಂತೂ ತರಗತಿಯಲ್ಲಿ ಒತ್ತಿ ಹೇಳುತ್ತೇವೆ. ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುತ್ತದೆ. ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ಸಾಮಾನ್ಯವಾಗಿ ಅದರ ಮೇಲೆಯೇ ನಿಂತಿದೆ. ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ 1905ರಲ್ಲಿ ಒಂದು ಜಾತಿಯ ದುಂಬಿಯಲ್ಲಿ ಈ ಗುಟ್ಟನ್ನು ಬಿಡಿಸಿದರು. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದಕ್ಕೆ ಇಲ್ಲಿ ಜಾಗವೇ ಇಲ್ಲ. ತಂದೆಯೂ ಆರಿಸುವುದಿಲ್ಲ, ಎಲ್ಲ ಆಕಸ್ಮಿಕ. ಮಕ್ಕಳು ಇದನ್ನು ಮನೆಯಲ್ಲಿ ಹೇಳಿದರೆ ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ.

ಇನ್ನು ನಿಮ್ಮಿಂದ ಬೇಕಾದದ್ದು. ಮಗು ಪ್ರಶ್ನೆ ಕೇಳಿದರೆ ಗದರಬೇಡಿ, ಕಟ್ಟುಕತೆ ಹೇಳಬೇಡಿ. ಕೇಳಿದಷ್ಟಕ್ಕೆ ನೇರವಾಗಿ ಉತ್ತರಿಸಿದರೆ ಸಾಕು. ಗೊತ್ತಿಲ್ಲದಿದ್ದರೆ ‘ಶಿಕ್ಷಕರನ್ನು ಕೇಳೋಣ’ ಎನ್ನಿ. ದೇಹದ ಭಾಗಗಳಿಗೆ ಪುಸ್ತಕದಲ್ಲಿರುವ ಹೆಸರನ್ನೇ ಬಳಸಿ. ಯಾರಾದರೂ ಅನುಚಿತವಾಗಿ ಮುಟ್ಟಿದಾಗ, ಹೆಸರು ಗೊತ್ತಿರುವ ಮಗು ಅದನ್ನು ಸ್ಪಷ್ಟವಾಗಿ ಹೇಳಬಲ್ಲದು. ಹೆಸರೇ ನಿಷಿದ್ಧವಾದ ಮನೆಯಲ್ಲಿ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಈ ಪತ್ರದಲ್ಲಿ ನೀವು ಬೇರೇನು ಮರೆತರೂ ಸರಿ, ಇದನ್ನು ಮರೆಯಬೇಡಿ.

ತರಗತಿಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇರುತ್ತದೆ. ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಬಹುದು. ನಿಮ್ಮ ಪ್ರಶ್ನೆಯನ್ನೂ ಅದೇ ಪೆಟ್ಟಿಗೆಗೆ ಕಳಿಸಬಹುದು, ಅಥವಾ ಶಾಲೆಯ ಅವಧಿ ಮುಗಿದ ಮೇಲೆ ವಿಜ್ಞಾನ ಶಿಕ್ಷಕರನ್ನೋ ನನ್ನನ್ನೋ ಕಾಣಬಹುದು. ಮೊದಲ ದಿನದ ಪ್ರಯೋಗಕ್ಕೆ ಪ್ರತಿ ಮಗುವಿನ ಕೈಯಲ್ಲಿ ಕಣ್ಣು ಮೂಡಿರುವ ಒಂದು ಆಲೂಗಡ್ಡೆ ಕೊಟ್ಟು ಕಳಿಸಿ. ಕತ್ತರಿಸುವ ಕೆಲಸ ಇಲ್ಲಿ ಶಿಕ್ಷಕರ ಎದುರಿನಲ್ಲೇ ಆಗುತ್ತದೆ, ಚಾಕು ಕಳಿಸಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ