ಟಿಸಿಂಗ್ಟನ್ ಬಾವಿ ಅಲಂಕಾರಕ್ಕೆ ಹೆಸರು ಕೊಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಡರ್ಬಿಶೈರ್‌ನ ಟಿಸಿಂಗ್ಟನ್ ಹಳ್ಳಿಯ ಆರೂ ಬಾವಿಗಳ ಅಲಂಕಾರ, ಅಂದರೆ ಮಣ್ಣು ಮೆತ್ತಿದ ಹಲಗೆಗೆ ಹೂವಿನ ಎಸಳು ಒತ್ತಿ ಚಿತ್ರ ಮಾಡಿ ಬಾವಿಯ ಬಳಿ ನಿಲ್ಲಿಸುವುದು, ಅಸೆನ್ಶನ್ (ಯೇಸು ಸ್ವರ್ಗಕ್ಕೇರಿದ ದಿನದ ಹಬ್ಬ) ಗುರುವಾರ ಬೆಳಗ್ಗೆಯೊಳಗೆ ಮುಗಿಯಬೇಕು. ನಮ್ಮ ಪಾಳಿ ಮಂಗಳವಾರ ಮತ್ತು ಬುಧವಾರ.

ಹಲಗೆ ನೆನೆಹಾಕಿ ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತುವುದು ಊರಿನವರ ಕೆಲಸ. ಹಲಗೆ ಸರಿಯಾಗಿ ನೆನೆಯದಿದ್ದರೆ ಅದು ಮಣ್ಣಿನ ನೀರು ಹೀರಿ, ಬಿರುಕು ಬಿಟ್ಟು, ಚಿತ್ರವೇ ಉದುರುತ್ತದೆ. ನಮ್ಮ ಪಾಲಿಗೆ ಬರುವುದು ಎಸಳು. ಚಿತ್ರ ಬರೆದ ಕಾಗದದ ಮೇಲಿಂದ ಮಣ್ಣಿಗೆ ಚುಚ್ಚಿದ ಗೆರೆಗಳಿಗೆ ಮೊದಲು ಬೀಜ, ತೊಗಟೆ ಒತ್ತಿ. ಆಮೇಲೆ ಎಸಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂರಿಸಿ, ಮಳೆನೀರು ಜಾರಿಹೋಗುತ್ತದೆ. ಮೇಲಿನಿಂದ ಶುರು ಮಾಡಿದರೆ ನೀರು ಒಳಗಿಳಿದು ಎರಡೇ ದಿನಕ್ಕೆ ಕೊಳೆತೀತು. ಪ್ಲಾಸ್ಟಿಕ್, ಬಣ್ಣ, ಮಿನುಗುಪುಡಿ ಬೇಡವೇ ಬೇಡ.

1348-49ರ ಪ್ಲೇಗ್ ಮಹಾಮಾರಿಯಲ್ಲಿ ಊರು ಉಳಿದದ್ದು ಈ ಬಾವಿಗಳ ನೀರಿನಿಂದ ಅನ್ನುವವರಿದ್ದಾರೆ, 1615ರ ಬರದಲ್ಲೂ ಬತ್ತಲಿಲ್ಲ ಅನ್ನುವವರೂ ಇದ್ದಾರೆ. ಅಲ್ಲಿ ಕೂತು ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ಹಳೆ ಬಟ್ಟೆ ಹಾಕಿಕೊಂಡು ಬನ್ನಿ, ಉಗುರು ಕತ್ತರಿಸಿಕೊಂಡಿರಿ. ಉದ್ದ ಉಗುರಿಗೆ ಎಸಳು ಹರಿಯುತ್ತದೆ. ಯಾವ ದಿನ ಬರುತ್ತೀರಿ, ಕಾರಿನಲ್ಲಿ ಎಷ್ಟು ಜಾಗ ಇದೆ ಎಂದು ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರಲಾಗದವರೂ ದಯವಿಟ್ಟು ತಿಳಿಸಿ.