ಪೌಲನ ಪಟ್ಟಿಯಲ್ಲಿ ಬೈಯುವವರೂ ಇದ್ದಾರೆ

ಮಾನ್ಯ ಸಂಪಾದಕರೇ,

ಸಲಿಂಗ ಸಂಬಂಧದ ಬಗ್ಗೆ ಯಾವುದಾದರೂ ಚರ್ಚ್ ಬಾಯಿ ತೆರೆದ ಕೂಡಲೇ ಓದುಗರ ಪತ್ರಗಳು ಎರಡು ಪಂಗಡವಾಗಿಬಿಡುತ್ತವೆ. ಒಂದು ಪಂಗಡದವರಿಗೆ ಬೈಬಲಿನ ವಚನ ಎತ್ತಿದ್ದೇ ದ್ವೇಷ. ಇನ್ನೊಂದು ಪಂಗಡದವರಿಗೆ, ವಚನ ಎತ್ತಿಯಾದ ಮೇಲೆ ಏನು ಅಂದರೂ ಅದು ವಿಶ್ವಾಸದ ಮಾತು. ಇಬ್ಬರೂ ಗೆರೆಯನ್ನು ತಪ್ಪಾದ ಜಾಗದಲ್ಲಿ ಎಳೆಯುತ್ತಿದ್ದಾರೆ. ‘ಇದು ಪಾಪ’ ಎಂದು ನಂಬುವವನೊಬ್ಬ ದ್ವೇಷಿಯೋ ಅಲ್ಲವೋ ಎಂಬುದನ್ನು ಅವನ ನಂಬಿಕೆ ನೋಡಿ ಹೇಳಲಾಗದು. ಆ ನಂಬಿಕೆಯನ್ನು ಅವನು ಯಾರ ಮುಂದೆ, ಯಾವ ಪದದಲ್ಲಿ, ಏನು ಮಾಡಿಸುವುದಕ್ಕಾಗಿ ಹೇಳುತ್ತಾನೆ ಎಂಬುದನ್ನು ನೋಡಬೇಕು.

ವಾದಕ್ಕೆ ಹೆಚ್ಚು ಬಳಕೆಯಾಗುವ ವಚನದಿಂದಲೇ ಶುರು ಮಾಡೋಣ. ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಆದಿ ಕ್ರೈಸ್ತ ಬೋಧಕ ಪೌಲ ಬರೆದ, ಬೈಬಲಿನಲ್ಲಿ ಸೇರಿರುವ ಮೊದಲ ಪತ್ರದ 6ನೇ ಅಧ್ಯಾಯ, 9 ಮತ್ತು 10ನೇ ವಚನ. ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿ ಅಲ್ಲಿದೆ. ಕನ್ನಡದ ಹಳೆಯ ಅನುವಾದದಲ್ಲಿ ‘ಪುರುಷಗಾಮಿಗಳು’ ಎಂಬ ಪದ ಬರುತ್ತದೆ. ಚರ್ಚಿನಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡುವವರಲ್ಲಿ ಅನೇಕರು ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ಆದರೆ ವಾಕ್ಯ ಅಲ್ಲಿಗೆ ಮುಗಿದಿಲ್ಲ. ಅದೇ ಉಸಿರಿನಲ್ಲಿ ಕಳ್ಳರು, ಲೋಭಿಗಳು, ಕುಡುಕರು ಬರುತ್ತಾರೆ. ಅವರ ಹಿಂದೆಯೇ ‘ಬೈಯುವವರು’ ಬರುತ್ತಾರೆ. ಮೂಲ ಗ್ರೀಕಿನಲ್ಲಿ ಅದು ‘ಲೊಯ್ದೊರೊಯ್’, ಬಾಯಿಗೆ ಬಂದಂತೆ ನಿಂದಿಸುವವರು. ಅಂದರೆ ಆ ವಚನವನ್ನು ಕೂಗುತ್ತಾ ಯಾರನ್ನಾದರೂ ಹೀನಾಯವಾಗಿ ಬೈದವನು ತನ್ನ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿಕೊಂಡಂತೆ. ಇದು ಉದಾರವಾದಿಗಳ ಹೊಸ ವ್ಯಾಖ್ಯಾನವಲ್ಲ, ಪಟ್ಟಿಯನ್ನು ಕೊನೆಯವರೆಗೆ ಓದಿದರೆ ಸಿಗುವ ಅರ್ಥ.

ರೋಮಾಪುರದವರಿಗೆ ಬರೆದ ಪತ್ರದಲ್ಲೂ ಇದೇ ಗತಿ. ಸಲಿಂಗ ಸಂಬಂಧವನ್ನು ಖಂಡಿಸುವ 1ನೇ ಅಧ್ಯಾಯದ 26, 27ನೇ ವಚನಗಳನ್ನು ಓದಿ, 32ಕ್ಕೆ ಬಂದು ಪುಸ್ತಕ ಮುಚ್ಚುತ್ತಾರೆ. ಅಧ್ಯಾಯ ಎಂಬ ವಿಂಗಡಣೆ ಪೌಲನದಲ್ಲ, ಅದು ಬಂದದ್ದು 13ನೇ ಶತಮಾನದಲ್ಲಿ. ಪೌಲನ ಓಟ ನಿಲ್ಲುವುದೇ ಇಲ್ಲ. ಮರುವಾಕ್ಯದಲ್ಲೇ ಅವನು ಕೇಳುಗನ ಕಡೆ ತಿರುಗಿ, ಇನ್ನೊಬ್ಬರ ಮೇಲೆ ತೀರ್ಪು ಹೇಳುವ ನಿನಗೂ ತಪ್ಪಿಸಿಕೊಳ್ಳಲು ನೆಪವಿಲ್ಲ ಎನ್ನುತ್ತಾನೆ. ಮೊದಲ ಅಧ್ಯಾಯ ಬಲೆಯಾದರೆ ಎರಡನೆಯದು ಆ ಬಲೆಯನ್ನು ಎಳೆಯುವ ಹಗ್ಗ. ಅರ್ಧಕ್ಕೆ ನಿಲ್ಲಿಸಿದವನು ಬಲೆ ಮಾತ್ರ ತೋರಿಸಿ, ತಾನು ಅದರ ಹೊರಗಿದ್ದೇನೆಂದುಕೊಳ್ಳುತ್ತಾನೆ.

ಇನ್ನು ಪದಗಳ ಜಗಳ. ಕೊರಿಂಥದ ಪಟ್ಟಿಯಲ್ಲಿ ಎರಡು ಗ್ರೀಕ್ ಪದಗಳಿವೆ. ‘ಮಲಕೊಯ್’ ಅಂದರೆ ಅಕ್ಷರಶಃ ಮೃದುವಾದವರು. ಮತ್ತಾಯ 11:8ರಲ್ಲಿ ನಯವಾದ ಉಡುಪಿಗೆ ಬಳಸಿರುವುದೂ ಇದೇ ಪದ. ‘ಅರ್ಸೆನೊಕೊಯ್ತೈ’ ಎಂಬುದರಲ್ಲಿ ‘ಗಂಡು’ ಮತ್ತು ‘ಹಾಸಿಗೆ’ ಎಂಬ ಎರಡು ಪದಗಳು ಕೂಡಿವೆ. ಗಂಡು ಗಂಡಿನೊಡನೆ ಮಲಗುವುದನ್ನು ನಿಷೇಧಿಸುವ, ಹಳೆಯ ಒಡಂಬಡಿಕೆಯ ಯಾಜಕಕಾಂಡ 20:13ರ ಗ್ರೀಕ್ ಅನುವಾದದಲ್ಲಿ ಈ ಎರಡೂ ಅಕ್ಕಪಕ್ಕದಲ್ಲೇ ಇವೆ, ಪೌಲ ಅಲ್ಲಿಂದಲೇ ಹೆಣೆದಿದ್ದಾನೆ, ಆದ್ದರಿಂದ ನಿಷೇಧ ಸ್ಪಷ್ಟ ಎಂಬುದು ಸಾಂಪ್ರದಾಯಿಕರ ವಾದ. ಅದು ಗಟ್ಟಿ ವಾದ. ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ (1:10) ಇದೇ ಪದದ ಪಕ್ಕದಲ್ಲಿ ಮನುಷ್ಯರನ್ನು ಕದ್ದು ಮಾರುವವರು ಬರುತ್ತಾರೆ, ಹಾಗಾಗಿ ಪೌಲನ ಕಣ್ಣಮುಂದಿದ್ದದ್ದು ಗುಲಾಮರ, ಹುಡುಗರ ಶೋಷಣೆ, ಸರಿಸಮಾನರಿಬ್ಬರ ಸಂಬಂಧವಲ್ಲ ಎಂಬುದು ಎದುರು ವಾದ. ಇದನ್ನೂ ತಳ್ಳಿಹಾಕುವಂತಿಲ್ಲ. ಎರಡನ್ನೂ ಪ್ರಾಮಾಣಿಕವಾಗಿ ಹೇಳುವ ವಿದ್ವಾಂಸರಿದ್ದಾರೆ. ಇಲ್ಲಿ ದ್ವೇಷಕ್ಕೆ ಜಾಗವಿಲ್ಲ, ಇದು ನಿಘಂಟಿನ ಕೆಲಸ.

ಎಡವಟ್ಟಾದದ್ದು ಅನುವಾದದಲ್ಲಿ. 1946ರಲ್ಲಿ ಬಂದ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ ಎಂಬ ಇಂಗ್ಲಿಷ್ ಹೊಸ ಒಡಂಬಡಿಕೆ ಈ ಎರಡೂ ಗ್ರೀಕ್ ಪದಗಳನ್ನು ಒಟ್ಟುಗೂಡಿಸಿ ‘ಹೋಮೋಸೆಕ್ಷುಯಲ್ಸ್’ ಎಂದು ಮುದ್ರಿಸಿತು. ಮೂಲದಲ್ಲಿದ್ದದ್ದು ನಡತೆ, ಅನುವಾದದಲ್ಲಿ ಅದು ಮನುಷ್ಯರ ಒಂದು ವರ್ಗವಾಯಿತು. ಯಾರನ್ನೂ ಮುಟ್ಟದೆ, ಬ್ರಹ್ಮಚರ್ಯದಲ್ಲೇ ಬದುಕಿದ ಸಲಿಂಗಾಕರ್ಷಿತನೂ ಆ ಒಂದು ಪದದಿಂದ ದೇವರ ರಾಜ್ಯದ ಹೊರಗಾದ. ಕಟ್ಟಾ ಸಂಪ್ರದಾಯಸ್ಥರಲ್ಲೂ ಹೆಚ್ಚಿನವರು ಹಾಗೆ ಬೋಧಿಸುವುದಿಲ್ಲ. ಅದೇ ಆವೃತ್ತಿಯ 1971ರ ಪರಿಷ್ಕರಣೆಯಲ್ಲಿ ಆ ಪದವನ್ನು ತೆಗೆದರು. ಅಷ್ಟರಲ್ಲಿ 25 ವರ್ಷ ಕಳೆದಿತ್ತು.

ಚರ್ಚುಗಳ ಅಧಿಕೃತ ನಿಲುವುಗಳನ್ನು ಓದಿದವರು ಕಡಿಮೆ, ಅದರ ಬಗ್ಗೆ ಮಾತಾಡುವವರು ಹೆಚ್ಚು. ಕಥೋಲಿಕರ ಬೋಧನೆಗಳ ಅಧಿಕೃತ ಗ್ರಂಥವಾದ ಕ್ಯಾಟಕಿಸಂನಲ್ಲಿ ಇದಕ್ಕೆ ಮೀಸಲಾದದ್ದು ಮೂರೇ ಪರಿಚ್ಛೇದ, 2357ರಿಂದ 2359. ಮೊದಲನೆಯದು ಕ್ರಿಯೆಯನ್ನು ಒಪ್ಪುವುದಿಲ್ಲ. ಎರಡನೆಯದು ಈ ಜನರನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಯಾವ ಸುಳಿವೂ ಇರಕೂಡದು ಎನ್ನುತ್ತದೆ. ಮೂರನೆಯದು ಅವರು ಪರಿಶುದ್ಧ ಜೀವನಕ್ಕೆ ಕರೆಯಲ್ಪಟ್ಟಿದ್ದಾರೆ ಎನ್ನುತ್ತದೆ. ಮೂರನ್ನೂ ಒಟ್ಟಿಗೆ ಓದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ. 1986ರಲ್ಲಿ ವ್ಯಾಟಿಕನ್ ತನ್ನ ಬಿಷಪ್‌ಗಳಿಗೆ ಕಳಿಸಿದ ಪತ್ರವಂತೂ ಕಟುವಾಗಿತ್ತು ಎಂಬ ಹೆಸರು ಪಡೆದಿದೆ. ಆದರೆ ಸಲಿಂಗಿಗಳ ಮೇಲೆ ಮಾತಿನಲ್ಲಿ, ಕೃತಿಯಲ್ಲಿ ನಡೆಯುವ ಹಿಂಸೆಯನ್ನು ಖಂಡಿಸಿದ್ದೂ, ಚರ್ಚಿನ ಪಾಲಕರು ಅದನ್ನು ಕಂಡಲ್ಲೆಲ್ಲ ಖಂಡಿಸಬೇಕೆಂದದ್ದೂ ಅದೇ ಪತ್ರ. ಆಂಗ್ಲಿಕನ್ ಬಿಷಪ್‌ಗಳ 1998ರ ಲ್ಯಾಂಬೆತ್ ಸಮ್ಮೇಳನದ ನಿರ್ಣಯ 1.10 ಕೂಡ ಹಾಗೆಯೇ. ಸಲಿಂಗ ಸಂಬಂಧ ಬೈಬಲಿಗೆ ಹೊಂದುವುದಿಲ್ಲ ಎಂದ ವಾಕ್ಯದಲ್ಲೇ ಸಲಿಂಗಿಗಳ ಬಗೆಗಿನ ವಿವೇಚನೆಯಿಲ್ಲದ ಭಯವನ್ನು ಖಂಡಿಸಬೇಕೆಂದೂ ಇದೆ. ಬೇರೆ ಚರ್ಚುಗಳು ಬೇರೆ ದಾರಿ ಹಿಡಿದಿವೆ. ಸ್ವೀಡನ್ನಿನ ಚರ್ಚ್ 2009ರಿಂದ ಸಲಿಂಗ ವಿವಾಹ ನಡೆಸಿಕೊಡುತ್ತಿದೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚ್ 1972ರಲ್ಲಿ ತನ್ನ ನಿಯಮಗ್ರಂಥಕ್ಕೆ ಸೇರಿಸಿದ್ದ ‘ಕ್ರೈಸ್ತ ಬೋಧನೆಗೆ ಹೊಂದದ್ದು’ ಎಂಬ ಮಾತನ್ನು 2024ರಲ್ಲಿ ಕೈಬಿಟ್ಟಿತು. ಅದಕ್ಕೂ ಮೊದಲೇ ಅದರ ಸಾವಿರಾರು ಸ್ಥಳೀಯ ಸಭೆಗಳು ಹೊರನಡೆದಿದ್ದವು.

ಕ್ಯಾಟಕಿಸಂನ ಒಂದು ಪದ ಮಾತ್ರ ನಿಜಕ್ಕೂ ತೊಂದರೆಯದು. ಇಂಗ್ಲಿಷಿನಲ್ಲಿ ಅದು ‘ಡಿಸಾರ್ಡರ್ಡ್’. ಇಲ್ಲಿ ಅದು ದೇವಶಾಸ್ತ್ರದ ಪಾರಿಭಾಷಿಕ ಪದ, ಅಂದರೆ ತನ್ನ ಗುರಿಯತ್ತ ಮುಖ ಮಾಡದ್ದು ಎಂದರ್ಥ. ಬೀದಿಯಲ್ಲಿ ಕೇಳಿಸುವುದು ಕಾಯಿಲೆಯ ಹೆಸರು. ಕನ್ನಡಕ್ಕೆ ಬಂದಾಗ ಕೆಲವರು ಅದನ್ನು ‘ವಿಕೃತಿ’ ಎಂದುಬಿಡುತ್ತಾರೆ. ಅಲ್ಲಿಗೆ ಸಿದ್ಧಾಂತ ಮುಗಿದು ಬೈಗುಳ ಶುರುವಾಗುತ್ತದೆ.

ಪ್ರಸಂಗ ಸಿದ್ಧಪಡಿಸುವ ಪಾಸ್ಟರ್, ಫಾದರ್‌ಗಳಿಗೆ ಎಲ್ಲಿ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳಬಹುದು. ಮೊದಲನೆಯದು, ವಿಶ್ವಾಸದ ಮಾತಿನ ನಡುವೆ ಲೋಕದ ಸಂಗತಿಯೊಂದನ್ನು ನುಸುಳಿಸುವುದು. ‘ನಮ್ಮ ಶಾಸ್ತ್ರ ಇದನ್ನು ಒಪ್ಪುವುದಿಲ್ಲ’ ಎಂಬುದು ವಿಶ್ವಾಸ. ‘ಇದೊಂದು ರೋಗ’, ‘ಇವರಿಂದ ಮಕ್ಕಳಿಗೆ ಅಪಾಯ’ ಎಂಬುದು ಲೋಕದ ಸಂಗತಿ, ಅದೂ ಸುಳ್ಳು ಸಂಗತಿ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಪೀಠದ ಮೇಲೆ ವಿನಾಯಿತಿ ಇಲ್ಲ.

ಎರಡನೆಯದು, ಅಲ್ಲಿ ಕೂತಿರುವವರನ್ನು ಅಲ್ಲಿಲ್ಲದವರೆಂದು ಭಾವಿಸುವುದು. ‘ಅಂಥವರು’, ‘ಆ ಜನ’ ಎಂದು ಗುಡುಗುವಾಗ, ಮೂರನೇ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತ ಹದಿನಾರರ ಹುಡುಗ ಬೈಬಲಿನ ಹಾಳೆಯಿಂದ ಕಣ್ಣು ಮೇಲೆತ್ತುವುದಿಲ್ಲ. ಅವನು ಇನ್ನೂ ಯಾರಿಗೂ ಏನೂ ಹೇಳಿಲ್ಲ, ಏನೂ ಮಾಡಿಯೂ ಇಲ್ಲ. ಅವನಿಗೆ ಕೇಳಿಸಿದ್ದು ಪಾಪದ ಮಾತಲ್ಲ, ತನ್ನ ಮೇಲಿನ ಹೇಸಿಗೆ. ಬರೆದಿಟ್ಟ ಪ್ರಸಂಗವನ್ನು ಆ ಹುಡುಗನ ಕಿವಿಯಿಂದ ಒಮ್ಮೆ ಓದಿಕೊಂಡರೆ ಎಷ್ಟೋ ವಾಕ್ಯಗಳು ತಾವಾಗಿಯೇ ಬಿದ್ದುಹೋಗುತ್ತವೆ. ಸಿದ್ಧಾಂತ ಒಂದು ಕೂದಲಷ್ಟೂ ಕೊಂಕದು.

ಮೂರನೆಯದು ಹೆಚ್ಚು ಹಾನಿ ಮಾಡುವಂಥದ್ದು, ಅದರ ಬಗ್ಗೆಯೇ ಮಾತು ಕಡಿಮೆ. ಪ್ರಾರ್ಥನಾ ಕೋರಿಕೆ. ‘ನಮ್ಮ ಸಭೆಯ ಇಂಥವರ ಮಗನಿಗಾಗಿ ಪ್ರಾರ್ಥಿಸಿರಿ, ಅವನು ಆ ಬಲೆಗೆ ಬಿದ್ದಿದ್ದಾನೆ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಆಯಿತು, ನಂಬಿ ಹೇಳಿಕೊಂಡ ಗುಟ್ಟು ಗಂಟೆಯೊಳಗೆ ಬಂಧುಬಳಗಕ್ಕೆಲ್ಲ ಮುಟ್ಟುತ್ತದೆ. ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದಕ್ಕೆ ಪ್ರಾರ್ಥನೆಯ ಹೊದಿಕೆ ಹಾಕಿದ್ದಷ್ಟೇ. ತಪ್ಪಿದವನನ್ನು ತಿದ್ದುವ ಕ್ರಮವನ್ನು ಮತ್ತಾಯ 18:15ರಿಂದ 17ರವರೆಗೆ ಯೇಸುವೇ ಹಂತಹಂತವಾಗಿ ಹೇಳಿದ್ದಾನೆ. ಮೊದಲು ಅವನೊಬ್ಬನೇ ಇರುವಾಗ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲಷ್ಟೇ ಸಭೆಗೆ. ಈ ಒಂದು ವಿಷಯದಲ್ಲಿ ಮಾತ್ರ ಮೂರನೆಯ ಹಂತವೇ ಮೊದಲು ಬರುತ್ತದೆ. ಸಾಲ ಮುಳುಗಿಸಿದ ಹಿರಿಯರ ವಿಷಯದಲ್ಲಿ ಎಲ್ಲರಿಗೂ ಕ್ರಮ ಚೆನ್ನಾಗಿ ನೆನಪಿರುತ್ತದೆ. ಅಳತೆಗೋಲು ಒಂದೇ ಇದೆಯೇ ಎಂದು ನೋಡಿಕೊಳ್ಳಲು ಇದಕ್ಕಿಂತ ಸುಲಭದ ಪರೀಕ್ಷೆ ಬೇಡ. ‘ಪಾಪವನ್ನು ದ್ವೇಷಿಸು, ಪಾಪಿಯನ್ನು ಪ್ರೀತಿಸು’ ಎಂಬ ಮಾತಿನ ಬೇರು ಸಂತ ಅಗಸ್ಟೀನ್ ಸನ್ಯಾಸಿನಿಯರಿಗೆ ಬರೆದ 211ನೇ ಪತ್ರದಲ್ಲಿದೆ. ಒಟ್ಟಿಗೆ ಬಾಳುವವರು ಒಬ್ಬರನ್ನೊಬ್ಬರು ತಿದ್ದುವಾಗ ಇರಬೇಕಾದ ಮನಸ್ಸಿನ ಬಗ್ಗೆ ಅವನು ಬರೆದದ್ದು. ಒಟ್ಟಿಗೆ ಬಾಳಲು ಒಪ್ಪದವರ ಬಾಯಲ್ಲಿ ಆ ಮಾತು ಬರೀ ಮೊದಲ ಅರ್ಧಕ್ಕೇ ಉಳಿಯುತ್ತದೆ.

ನಾಲ್ಕನೆಯದು, ಸಲಿಂಗಿಯ ಆಕರ್ಷಣೆಯನ್ನೇ ‘ಬದಲಾಯಿಸುತ್ತೇವೆ’ ಎಂಬ ಭರವಸೆ. ಇದನ್ನೇ ಧ್ಯೇಯವಾಗಿಟ್ಟುಕೊಂಡು 1976ರಲ್ಲಿ ಅಮೆರಿಕದಲ್ಲಿ ಶುರುವಾದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 2013ರಲ್ಲಿ ಬಾಗಿಲು ಮುಚ್ಚಿತು. ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ನೊಂದವರ ಕ್ಷಮೆ ಕೇಳಿದರು. ತಾವು ಕಂಡವರಲ್ಲಿ ಹೆಚ್ಚುಕಡಿಮೆ ಯಾರ ಆಕರ್ಷಣೆಯೂ ಬದಲಾಗಲಿಲ್ಲ ಎಂದು ಅವರು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದರು. ಉಪವಾಸ ಮಾಡಿಸಿ, ದೆವ್ವ ಬಿಡಿಸಿ, ಬದಲಾಗದಿದ್ದಾಗ ‘ನಿನ್ನ ವಿಶ್ವಾಸ ಸಾಲದು’ ಎನ್ನುವುದು ಒಬ್ಬನಿಗೆ ಎರಡು ಸಲ ಹೊಡೆದಂತೆ. ಬ್ರಹ್ಮಚರ್ಯ ಪಾಲಿಸು ಎಂದು ಬೋಧಿಸುವುದು ಬೇರೆ, ಇದು ಬೇರೆ.

ಕಾನೂನು ಈ ಗೆರೆಯನ್ನು ಎಲ್ಲಿ ಎಳೆಯುತ್ತದೆ ಎಂಬುದಕ್ಕೆ ಸ್ವೀಡನ್ನಿನ ಎರಡು ಪ್ರಕರಣಗಳನ್ನು ಜೋಡಿಸಿ ನೋಡಬೇಕು. ಪೆಂಟೆಕೋಸ್ಟಲ್ ಪಾಸ್ಟರ್ ಓಕೆ ಗ್ರೀನ್ 2003ರ ಪ್ರಸಂಗವೊಂದರಲ್ಲಿ ಲೈಂಗಿಕ ಅಸಹಜತೆಗಳನ್ನು ಸಮಾಜದ ಕ್ಯಾನ್ಸರ್ ಗೆಡ್ಡೆ ಎಂದರು. ಕೆಳ ನ್ಯಾಯಾಲಯ ಒಂದು ತಿಂಗಳ ಸೆರೆ ವಿಧಿಸಿತು, 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ಮಾಡಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತನ್ನ ಸಭೆಯ ಮುಂದೆ, ಬೈಬಲ್ ಹಿಡಿದು ಆಡಿದ ಮಾತಿಗೆ ಶಿಕ್ಷೆ ಕೊಟ್ಟರೆ ಅದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ವಿರುದ್ಧವಾಗುತ್ತದೆ ಎಂಬುದು ಅದರ ಲೆಕ್ಕ. 2004ರ ಡಿಸೆಂಬರ್‌ನಲ್ಲಿ ಬೇರೊಂದು ಗುಂಪಿನವರು ಹೆಚ್ಚುಕಡಿಮೆ ಇಂಥದ್ದೇ ಮಾತುಗಳಿದ್ದ ಸುಮಾರು 100 ಕರಪತ್ರಗಳನ್ನು ಶಾಲೆಯೊಂದರ ಮಕ್ಕಳ ಲಾಕರ್‌ಗಳಿಗೆ ಹಾಕಿದರು. ಅವರಿಗೆ ಶಿಕ್ಷೆಯಾಯಿತು, 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪ್ರಸಂಗ ಕೇಳಲು ಬಂದವರು ಇಷ್ಟಪಟ್ಟು ಬಂದವರು. ಲಾಕರ್ ತೆರೆದ ಮಕ್ಕಳಿಗೆ ಬೇಡ ಎನ್ನುವ ಅವಕಾಶವೇ ಇರಲಿಲ್ಲ. ದ್ವೇಷಕ್ಕೆ ಪ್ರಚೋದಿಸುವ ಮಾತಿನ ಕುರಿತ ವಿಶ್ವಸಂಸ್ಥೆಯ 2012ರ ರಬಾತ್ ಕ್ರಿಯಾಯೋಜನೆ ನೋಡಲು ಹೇಳುವ ಆರು ಅಂಶಗಳೂ ಇದೇ ಜಾಡಿನವು: ಸಂದರ್ಭ, ಮಾತಾಡಿದವರ ಸ್ಥಾನ, ಉದ್ದೇಶ, ಮಾತಿನ ಸ್ವರೂಪ, ಎಷ್ಟು ದೂರ ಹರಡಿತು, ಅದರಿಂದ ಹಾನಿಯಾಗುವ ಸಂಭವ ಎಷ್ಟು.

ಗ್ರೀನ್ ಬಿಡುಗಡೆಯಾದದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ ಜೈಲಿಗೆ ಹಾಕುವಂತಿಲ್ಲದ ಮಾತೆಲ್ಲ ಒಳ್ಳೆಯ ಮಾತಾಗುವುದಿಲ್ಲ. ಗೆಡ್ಡೆಯನ್ನು ಯಾರೂ ಸಂತೈಸುವುದಿಲ್ಲ, ಕತ್ತರಿಸಿ ಬಿಸಾಡುತ್ತಾರೆ. ಕೇಳಿದವರಲ್ಲೊಬ್ಬ ಅದನ್ನು ಕಾರ್ಯರೂಪಕ್ಕೆ ತಂದರೆ, ಹೇಳಿದವನು ಉಪಮೆ ಮಾತ್ರ ಎಂದು ಕೈತೊಳೆದುಕೊಳ್ಳಲಾಗದು.

ಎದುರು ಪಂಗಡಕ್ಕೂ ಒಂದು ಮಾತು. ಮದುವೆ ಗಂಡುಹೆಣ್ಣಿನದೇ ಎಂದು ನಂಬುವವರನ್ನೆಲ್ಲ ದ್ವೇಷಿಗಳೆಂದು ಕರೆದರೆ, ಆ ನಂಬಿಕೆಯಂತೆಯೇ ಬದುಕುತ್ತಿರುವ ಸಲಿಂಗಿ ಕ್ರೈಸ್ತರನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಅವರೊಳಗೇ ‘ಸೈಡ್ ಎ’, ‘ಸೈಡ್ ಬಿ’ ಎಂಬ ಮಾತಿದೆ. ಸಲಿಂಗ ಸಂಬಂಧವನ್ನು ದೇವರು ಹರಸುತ್ತಾನೆ ಎನ್ನುವವರು ಎ, ಬ್ರಹ್ಮಚರ್ಯವೇ ತಮ್ಮ ಕರೆ ಎನ್ನುವವರು ಬಿ. ಒಂದೇ ಮೇಜಿನ ಸುತ್ತ ಕೂತು ವಾದಿಸುತ್ತಾರೆ, ಜೊತೆಗೇ ಪ್ರಾರ್ಥಿಸುತ್ತಾರೆ. ‘ದ್ವೇಷ’ ಎಂಬ ಪದವನ್ನು ಎಲ್ಲದಕ್ಕೂ ಖರ್ಚು ಮಾಡಿದರೆ, ಸೈನಿಕರ ಶವಸಂಸ್ಕಾರದ ಹೊರಗೆ ‘ದೇವರು ಸಲಿಂಗಿಗಳನ್ನು ದ್ವೇಷಿಸುತ್ತಾನೆ’ ಎಂಬರ್ಥದ ಫಲಕ ಹಿಡಿದು ನಿಲ್ಲುವ ಅಮೆರಿಕದ ವೆಸ್ಟ್‌ಬರೊ ಸಭೆಯಂಥವರಿಗೆ ಹೇಳಲು ಪದವೇ ಉಳಿಯುವುದಿಲ್ಲ.

ಕೊನೆಗೆ, ತಮ್ಮ ಸುದ್ದಿಮನೆಗೆ ಸಂಬಂಧಿಸಿದ ಒಂದು ಕೋರಿಕೆ. ‘ವಿಕೃತಕಾಮಿ’ ಎಂಬುದು ನಮ್ಮ ಪತ್ರಿಕೆಗಳಲ್ಲಿ ಅತ್ಯಾಚಾರಿಗೆ, ಮಕ್ಕಳನ್ನು ಹಿಂಸಿಸಿದವನಿಗೆ ಬಳಸುವ ಪದ. ಅದನ್ನು ಸಲಿಂಗಿಗಳ ಸುದ್ದಿಗೆ ಅಂಟಿಸಬೇಡಿ. ‘ಸಲಿಂಗಕಾಮ’ದಲ್ಲಿ ಕಾಮವೊಂದೇ ಎದ್ದು ಕಾಣುತ್ತದೆ, ಗಂಡುಹೆಣ್ಣು ಮದುವೆಯಾದರೆ ಯಾರೂ ‘ಕಾಮಿಗಳ ಮದುವೆ’ ಎಂದು ಬರೆಯುವುದಿಲ್ಲ. ‘ಸಲಿಂಗಿ’, ‘ಸಲಿಂಗ ಪ್ರೇಮಿಗಳು’, ‘ಸಲಿಂಗ ವಿವಾಹ’ ಎಂದರೆ ಸಾಕು. ಹಾಗೆಯೇ ಬಿಷಪ್ಪರೊಬ್ಬರು ಸಲಿಂಗ ವಿವಾಹವನ್ನು ತಮ್ಮ ಚರ್ಚ್ ನಡೆಸಿಕೊಡುವುದಿಲ್ಲ ಎಂದರೆ ‘ಸಲಿಂಗಿಗಳ ಮೇಲೆ ಬಿಷಪ್ ಕಿಡಿ’ ಎಂದು ತಲೆಬರಹ ಕೊಡಬೇಡಿ. ಅವರು ಕಿಡಿಕಾರಿದ್ದರೆ ಯಾವ ಪದ ಬಳಸಿದರೋ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ, ಬೈದರೋ ಇಲ್ಲವೋ ಎಂಬುದನ್ನು ಓದುಗರೇ ನೋಡಿಕೊಳ್ಳುತ್ತಾರೆ.

ಇತಿ,
ನಿಮ್ಮ ಓದುಗರು