ವೀಸಾ ಯಾವ್ದು ಅಂತ ಮೊದ್ಲು ಕೇಳಿ, ಸಂಬಳ ಆಮೇಲೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಕ್ಲಾಸಿಫೈಡ್ ಪೇಜಲ್ಲಿ ಈಗೀಗ ಒಂಥರದ ಜಾಹೀರಾತು ಜಾಸ್ತಿ ಬರ್ತಿದೆ, ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ, ಯಾವ ಡಿಗ್ರಿ ಆದ್ರೂ ನಡೀತದೆ, ಕೈತುಂಬ ಸಂಬಳ, ರೂಮ್ ಫ್ರೀ, ವೀಸಾ ನಾವೇ ಮಾಡಿಸ್ಕೊಡ್ತೀವಿ ಅಂತ, ಕೆಳಗೆ ನೋಡಿದ್ರೆ ಬರೀ ಒಂದು ಮೊಬೈಲ್ ನಂಬರ್. ನಾನು ಚಿಕ್ಕಮಗಳೂರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡ್ಕೊಡೋ ಕೆಲಸದವನು. ಮುಂಚೆ ನನ್ನ ಹತ್ರ ಬರ್ತಿದ್ದೋರು ಕಾಫಿ ಪ್ಲಾಂಟರ್‌ಗಳು, ಅಂಗಡಿಯವರು, ರಿಟೈರ್ಡ್ ಮೇಷ್ಟ್ರುಗಳು. ಈಗ ಬಿಎಡ್ಡೋ ಎಂಎ ಇಂಗ್ಲಿಷೋ ಮಾಡ್ಕೊಂಡಿರೋ ಹುಡುಗ ಹುಡುಗೀರೂ ಬರ್ತಾರೆ, ಕೆಲವರು ಹೊರಗಡೆ ಪಾಠ ಮಾಡಿ ವಾಪಸ್ ಬಂದೋರು, ಕೆಲವರು ಊರಲ್ಲೇ ಕೂತು ಲ್ಯಾಪ್‌ಟಾಪಲ್ಲಿ ಹೊರದೇಶದ ಮಕ್ಕಳಿಗೆ ಕಲಿಸೋರು. ಇವರ ಕಾಗದಪತ್ರ ನೋಡಿದ್ರೆ ಒಂದು ವಿಷ್ಯ ಗೊತ್ತಾಗುತ್ತೆ, ಸಂಬಳ ಎಷ್ಟು ಅಂತ ಎಲ್ರೂ ಕೇಳಿರ್ತಾರೆ, ಪಾಸ್‌ಪೋರ್ಟಲ್ಲಿ ಯಾವ ವೀಸಾ ಹೊಡೀತಾರೆ ಅಂತ ಕೇಳಿರೋರು ಬಹಳ ಕಮ್ಮಿ.

ಚೀನಾನೇ ತಗೊಳ್ಳಿ. ಅಲ್ಲಿ ಕೆಲಸ ಮಾಡ್ಬೇಕಂದ್ರೆ ಝಡ್ ವೀಸಾ ಬೇಕು, ಅಲ್ಲಿಗೆ ಹೋದ್ಮೇಲೆ ವರ್ಕ್ ಪರ್ಮಿಟ್ಟು ರೆಸಿಡೆನ್ಸ್ ಪರ್ಮಿಟ್ಟು ಮಾಡಿಸ್ಬೇಕು, ಆ ಪರ್ಮಿಟ್ ಒಂದು ಸ್ಕೂಲಿಗೆ ಮಾತ್ರ ಅಂಟ್ಕೊಂಡಿರುತ್ತೆ, ಸಂಜೆ ಇನ್ನೊಂದು ಕಡೆ ಹೋಗಿ ಗಂಟೆ ಲೆಕ್ಕದಲ್ಲಿ ಪಾಠ ಮಾಡಿದ್ರೆ ಅದೂ ಅಕ್ರಮ ಕೆಲಸಾನೇ. ಜೊತೆಗೆ ಇಂಗ್ಲಿಷ್ ಕಲಿಸೋರು ಇಂಗ್ಲಿಷ್ ಮಾತೃಭಾಷೆ ಆಗಿರೋ ದೇಶದವರಾಗಿರ್ಬೇಕು ಅನ್ನೋ ಷರತ್ತು ಬೇರೆ ಇಡ್ತಾರೆ, ನಮ್ಮ ಪಾಸ್‌ಪೋರ್ಟ್ ಇರೋರಿಗೆ ಸುಲಭಕ್ಕೆ ಸಿಗಲ್ಲ. ಅದಕ್ಕೇ ಏಜೆಂಟ್‌ಗಳು ಬಿಸಿನೆಸ್ ವೀಸಾನೋ ಸ್ಟೂಡೆಂಟ್ ವೀಸಾನೋ ಕೊಡಿಸಿ, ಅಲ್ಲಿ ಹೋದ್ಮೇಲೆ ಬದಲಾಯಿಸ್ಕೊಳ್ಳಿ ಅಂತ ಕಳಿಸೋದು. ಸಿಕ್ಕಿಬಿದ್ರೆ ಅಲ್ಲಿನ ಕಾನೂನಲ್ಲಿ 5,000ದಿಂದ 20,000 ಯುವಾನ್ ದಂಡ, ಕೇಸು ಗಂಭೀರ ಅನ್ಸಿದ್ರೆ 5ರಿಂದ 15 ದಿನ ಒಳಗಡೆ, ಆಮೇಲೆ ದೇಶ ಬಿಟ್ಟು ಹೋಗು ಅಂತಾನೂ ಹೇಳ್ಬಹುದು. ದಂಡ ಕಟ್ಟೋದು ಟೀಚರ್, ಏಜೆಂಟ್ ಫೋನು ಅಷ್ಟೊತ್ತಿಗೆ ಸ್ವಿಚ್ ಆಫ್.

ದಕ್ಷಿಣ ಕೊರಿಯಾದಲ್ಲಿ ಇನ್ನೂ ಬಿಗಿ. ಅಲ್ಲಿ ಇಂಗ್ಲಿಷ್ ಟೀಚರಿಗೆ ಕೊಡೋ ಇ-2 ವೀಸಾ 7 ದೇಶದವರಿಗೆ, ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ಟೀಚಿಂಗ್ ಕ್ವಾಲಿಫಿಕೇಶನ್ ಇರೋ ನಮ್ಮವರು ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಟೀಚರ್ ಆಗೋಕೆ ಒಂದು ಸಣ್ಣ ದಾರಿ ಇದೆ, ಆದ್ರೆ 'ಯಾವ ಡಿಗ್ರಿ ಆದ್ರೂ ನಡೀತದೆ' ಅನ್ನೋ ಜಾಹೀರಾತಿಗೂ ಅದಕ್ಕೂ ಸಂಬಂಧ ಇಲ್ಲ. ಆ 7 ದೇಶದಿಂದ ಬಂದೋರಿಗೂ ಅಲ್ಲಿ ಎಲ್ಲಾ ಸರಿ ಇಲ್ಲ ಬಿಡಿ. ಕೆಲವು ಟ್ಯೂಷನ್ ಸೆಂಟರ್‌ನೋರು ಟೀಚರನ್ನ ನೌಕರ ಅಂತ ತೋರಿಸೋ ಬದ್ಲು ಫ್ರೀಲಾನ್ಸರ್ ಅಂತ ಬರ್ಕೊಂಡು ಟ್ಯಾಕ್ಸ್ ಅಂತ 3.3% ಮಾತ್ರ ಹಿಡ್ಕೊಂಡು ಉಳಿದಿದ್ದು ಕೈಗೆ ಕೊಡ್ತಾರೆ, ಕೈಗೆ ಸ್ವಲ್ಪ ಜಾಸ್ತಿ ಬಂತಲ್ಲ ಅಂತ ಟೀಚರಿಗೂ ಖುಷಿ, ಆದ್ರೆ ನೌಕರ ಆಗಿದ್ರೆ ಪೆನ್ಶನ್ನಿಗೆ ಮಾಲೀಕನೂ ಅರ್ಧ ಕಟ್ಬೇಕಿತ್ತು, ವರ್ಷ ತುಂಬಿದ್ರೆ ಕೆಲಸ ಬಿಡುವಾಗ ಒಂದು ತಿಂಗಳ ಸಂಬಳ ಕೊಡ್ಬೇಕಿತ್ತು, ಅವೆರಡೂ ಹೋಯ್ತು.

ಇದು ನಮ್ಮೂರೋರಿಗೆ ಅರ್ಥ ಆಗ್ದೇ ಇರೋದೇನಲ್ಲ. ಎಸ್ಟೇಟಲ್ಲಿ ಕಾಫಿ ಕುಯ್ಯೋಕೆ ಕಂಟ್ರಾಕ್ಟಲ್ಲಿ ಬಂದ ಆಳು ಏಣಿಯಿಂದ ಬಿದ್ರೆ ಸಾಹುಕಾರ್ರು ನಮ್ಮ ಆಳಲ್ಲ ಅಂತಾರೆ, ಮೇಸ್ತ್ರಿ ನಾನು ಬರೀ ಕರ್ಕೊಂಡು ಬಂದಿದ್ದು ಅಂತಾನೆ. ಜರ್ಮನಿಯಲ್ಲಿ ಈ ಆಟಕ್ಕೆ ಕೋರ್ಟೇ ಕೈ ಹಾಕ್ತು. ಹೆರೆನ್‌ಬರ್ಗ್ ಅನ್ನೋ ಊರಿನ ಮ್ಯೂಸಿಕ್ ಸ್ಕೂಲಲ್ಲಿ ಫ್ರೀಲಾನ್ಸ್ ಅಂತ ಇಟ್ಕೊಂಡಿದ್ದ ಟೀಚರ್ ಕೇಸಲ್ಲಿ 2022ರಲ್ಲಿ ಅಲ್ಲಿನ ಫೆಡರಲ್ ಸೋಶಿಯಲ್ ಕೋರ್ಟು, ಕಾಂಟ್ರಾಕ್ಟಲ್ಲಿ ಏನು ಬರೆದಿದ್ರೂ ಕೆಲಸದ ರೀತಿ ನೋಡಿದ್ರೆ ಇವರು ನೌಕರರೇ ಅಂತ ಹೇಳ್ತು. ಅಲ್ಲಿ ನಿಜವಾಗ್ಲೂ ಸ್ವಂತಕ್ಕೆ ಪಾಠ ಮಾಡೋ ಟೀಚರ್‌ಗಳಿಗೂ ಸಾಮಾನ್ಯವಾಗಿ ಸರ್ಕಾರಿ ಪೆನ್ಶನ್ ಕಡ್ಡಾಯ, ಆದಾಯದ 18.6% ಪೂರ್ತಿ ಅವರೇ ಕಟ್ಬೇಕು, ಗಂಟೆಗೆ ಇಷ್ಟು ಯೂರೋ ಅಂದ ತಕ್ಷಣ ರೂಪಾಯಿಗೆ ಗುಣಿಸೋರು ಇದನ್ನ ಕಳೆಯೋದೇ ಇಲ್ಲ.

ದುಬೈ ಶಾರ್ಜಾ ಕಡೆ ನಮ್ಮ ಜಿಲ್ಲೆಯವರು ಸುಮಾರು ಜನ ಇದ್ದಾರೆ. ಅಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಸರಿ, ಆದ್ರೆ ಸ್ಕೂಲ್ ಮುಗಿಸಿ ಮನೇಲಿ ಟ್ಯೂಷನ್ ಮಾಡೋಕೆ ಪರ್ಮಿಟ್ ಬೇಕು. 2023ರ ಡಿಸೆಂಬರಲ್ಲಿ ಯುಎಇ ಸರ್ಕಾರ ಇದಕ್ಕಂತಲೇ 2 ವರ್ಷದ ಪ್ರೈವೇಟ್ ಟೀಚರ್ ಪರ್ಮಿಟ್ ತಂತು, ಫೀಸೂ ಇಲ್ಲ. ಪುಕ್ಕಟೆ ಸಿಗೋ ಪರ್ಮಿಟ್ ತಗೊಳ್ದೆ ಕದ್ದುಮುಚ್ಚಿ ಟ್ಯೂಷನ್ ಮಾಡೋದು ಯಾಕೋ ನನಗಂತೂ ಗೊತ್ತಾಗಲ್ಲ.

ಇನ್ನು ನನ್ನ ಕೆಲಸದ ವಿಷ್ಯ, ಟ್ಯಾಕ್ಸ್. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥ್ವಾ ಜಾಸ್ತಿ ಇಂಡಿಯಾದಲ್ಲಿ ಇದ್ರೆ ಆ ವರ್ಷಕ್ಕೆ ನೀವು ರೆಸಿಡೆಂಟ್, ರೆಸಿಡೆಂಟ್ ಆದ್ರೆ ಪ್ರಪಂಚದಲ್ಲಿ ಎಲ್ಲೇ ದುಡಿದಿದ್ರೂ ಇಲ್ಲಿ ತೋರಿಸ್ಬೇಕು. ಆಗಸ್ಟ್ ಕೊನೇಲಿ ಚೀನಾದ ಸ್ಕೂಲಿಗೆ ಹೋದೋರು 153 ದಿನಕ್ಕೆ ಪಾರಾಗ್ತಾರೆ, ಥೈಲ್ಯಾಂಡಲ್ಲಿ ನವೆಂಬರಿನ ಎರಡನೇ ಟರ್ಮಿಗೆ ಅಂತ ಅಕ್ಟೋಬರಲ್ಲಿ ವಿಮಾನ ಹತ್ತಿದೋರು ಸೆಪ್ಟೆಂಬರ್ ಮುಗಿಯೋಷ್ಟರಲ್ಲೇ 183 ದಿನ ಆಗೋಗಿರುತ್ತೆ. ಇದರಲ್ಲಿ ಯಾರೂ ಹೇಳ್ದೇ ಇರೋ ಒಂದು ಕೊಕ್ಕೆ ಇದೆ. ಈ 182ರ ಅನುಕೂಲ ಉದ್ಯೋಗಕ್ಕೆ ಅಂತ ದೇಶ ಬಿಟ್ಟೋರಿಗೆ. ಟೂರಿಸ್ಟ್ ವೀಸಾ ಹಿಡ್ಕೊಂಡು ಹೋದೋರು ಉದ್ಯೋಗಕ್ಕೇ ಹೋಗಿದ್ದೆ ಅಂತ ಏನು ತೋರಿಸ್ತಾರೆ? ಅಂಥೋರಿಗೆ 60 ದಿನ ಇಲ್ಲಿದ್ರೂ ರೆಸಿಡೆಂಟ್ ಅನ್ನೋ ರೂಲ್ ಹಾಕೋ ಸಾಧ್ಯತೆ ಇದೆ, ಅದರ ಜೊತೆಗಿರೋ ಹಿಂದಿನ 4 ವರ್ಷದಲ್ಲಿ 365 ದಿನ ಇಲ್ಲಿದ್ರಾ ಅನ್ನೋ ಷರತ್ತು ನಮ್ಮೂರಲ್ಲೇ ಓದಿ ಬೆಳೆದೋರಿಗೆ ಹೇಗೂ ಅನ್ವಯ ಆಗುತ್ತೆ. ಅಲ್ಲಿಗೆ ಅಷ್ಟೂ ಸಂಬಳ ಇಲ್ಲಿ ಲೆಕ್ಕಕ್ಕೆ ಬಂತು. ಅಲ್ಲಿ ಕಟ್ಟಿದ ಟ್ಯಾಕ್ಸನ್ನ ಇಲ್ಲಿ ಕಳ್ಕೋಬಹುದು, ಒಪ್ಪಂದ ಇದೆ, ಆದ್ರೆ ಕಟ್ಟಿದ್ದಕ್ಕೆ ಪುರಾವೆ ಬೇಕು, ಪರ್ಮಿಟ್ ಇಲ್ದೆ ಕವರಲ್ಲಿ ಕ್ಯಾಶ್ ಇಸ್ಕೊಂಡೋರಿಗೆ ಪುರಾವೆ ಎಲ್ಲಿಂದ ಬರ್ಬೇಕು? ಅಲ್ಲಿ ತೆಗೆದ ಬ್ಯಾಂಕ್ ಅಕೌಂಟನ್ನೂ ರಿಟರ್ನಲ್ಲಿ ತೋರಿಸ್ಬೇಕು, ಮುಚ್ಚಿಟ್ರೆ 2015ರ ಕಪ್ಪುಹಣ ಕಾಯ್ದೆಲಿ ದಂಡ 10 ಲಕ್ಷ, 20 ಲಕ್ಷದೊಳಗೆ ಇರೋ ದುಡ್ಡಿಗೆ 2024ರ ಅಕ್ಟೋಬರಿಂದ ಆ ದಂಡ ಇಲ್ಲ, ಹಂಗಂತ ತೋರಿಸೋದು ಬೇಡ ಅಂತಲ್ಲ.

ಮನೇಲಿ ಕೂತು ಆನ್‌ಲೈನಲ್ಲಿ ಕಲಿಸೋರಿಗೆ ವೀಸಾ ತಲೆನೋವಿಲ್ಲ, ಆದ್ರೆ ನಮ್ಮ ಕಡೆ ಒಂದು ನಂಬಿಕೆ ಇದೆ, ಮನೆಗೆ ಬರೋ ದುಡ್ಡಿಗೆಲ್ಲ ಟ್ಯಾಕ್ಸ್ ಇಲ್ಲ ಅಂತ. ತೋಟದ ಕಾಫಿನ ಕ್ಯೂರಿಂಗ್ (ಸಿಪ್ಪೆ ತೆಗೆಸಿ ಹದ ಮಾಡಿಸೋದು) ಮಾಡಿಸ್ದೆ ಹಂಗೇ ಮಾರಿದ್ರೆ ಅದು ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ಇಲ್ಲ, ಕ್ಯೂರಿಂಗ್ ಮಾಡಿಸಿ ಮಾರಿದ್ರೂ ಲಾಭದಲ್ಲಿ 25% ಮಾತ್ರ ಲೆಕ್ಕಕ್ಕೆ. ಇದೇ ಅಭ್ಯಾಸದಲ್ಲಿ ಮಗಳ ಡಾಲರ್ ದುಡ್ಡನ್ನೂ ಅಪ್ಪನ ಅಕೌಂಟಿಗೆ ಹಾಕಿಸ್ಕೊಂಡು ತೋಟದ ಲೆಕ್ಕದೊಳಗೆ ಸೇರಿಸಿಬಿಡ್ತಾರೆ. ಅಪ್ಪಾ ಅದು ಮಗಳ ದುಡಿಮೆ, ಅವಳ ಪ್ಯಾನಲ್ಲೇ ತೋರಿಸ್ಬೇಕು. 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತ ಸರ್ಕಾರ ಹೇಳಿದ್ದು ನಿಜ, ಆದ್ರೆ ಹೊಸ ಪದ್ಧತಿಲಿ 4 ಲಕ್ಷ ದಾಟಿದ್ರೆ ರಿಟರ್ನ್ ಹಾಕ್ಲೇಬೇಕು. ಜಿಎಸ್‌ಟಿ ಬಗ್ಗೆ, ವರ್ಷದ ವಹಿವಾಟು 20 ಲಕ್ಷದೊಳಗೆ ಇರೋರಿಗೆ ಚಿಂತೆ ಬೇಡ. ಈ ಆನ್‌ಲೈನ್ ಕೆಲಸಾನೂ ಕಲ್ಲಲ್ಲಿ ಬರೆದಿದ್ದಲ್ಲ, 2021ರ ಜುಲೈನಲ್ಲಿ ಚೀನಾ ಸರ್ಕಾರ ಹೊರದೇಶದಲ್ಲಿರೋ ವಿದೇಶಿ ಟೀಚರ್‌ಗಳಿಂದ ತಮ್ಮ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿಸೋ ಹಾಗಿಲ್ಲ ಅಂದಾಗ ಎಷ್ಟೋ ದೇಶದ ಟೀಚರ್‌ಗಳ ಕೆಲಸ ಹೋಯ್ತು. ನೌಕರರಲ್ಲ ಅಂದ್ಮೇಲೆ ನೋಟಿಸ್ ಪಿರಿಯಡ್ ಅಂತ ಕೇಳೋ ಹಕ್ಕೂ ಇರ್ಲಿಲ್ಲ.

ಈಗ ನಿಮ್ಮ ಪೇಪರಿಗೆ ಬರ್ತೀನಿ ಸಾರ್. ಹೊರದೇಶದ ಕೆಲಸಕ್ಕೆ ಜನ ಕಳಿಸೋ ಏಜೆಂಟು 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಿರ್ಲೇಬೇಕು, ಆ ಲೈಸೆನ್ಸ್ ನಂಬರನ್ನ ಪೇಪರ್ ಜಾಹೀರಾತಲ್ಲೂ ಹಾಕ್ಬೇಕು ಅಂತ ವಿದೇಶಾಂಗ ಇಲಾಖೆನೇ ಹೇಳಿದೆ, ಸರ್ವಿಸ್ ಚಾರ್ಜ್ 30,000 ರೂಪಾಯಿ ಪ್ಲಸ್ 18% ಜಿಎಸ್‌ಟಿ, ಅದರ ಮೇಲೆ ತಗೊಳ್ಳೋ ಹಾಗಿಲ್ಲ, ರಸೀದಿ ಕೊಡ್ಬೇಕು. ಅದೇ ಇಲಾಖೆಯ ಇ-ಮೈಗ್ರೇಟ್ ಸೈಟಲ್ಲಿ ಏಜೆಂಟಿನ ಹೆಸರು ಹಾಕಿದ್ರೆ ಲೈಸೆನ್ಸ್ ಚಾಲ್ತಿಲಿದೆಯಾ ಇಲ್ವಾ ಅಂತ ಗೊತ್ತಾಗುತ್ತೆ, ನಿಮ್ಮ ಜಾಹೀರಾತು ವಿಭಾಗದೋರಿಗೆ ಐದು ನಿಮಿಷದ ಕೆಲಸ. ಟೀಚರ್‌ಗಳು ಹತ್ತನೇ ಕ್ಲಾಸ್ ದಾಟಿರೋದ್ರಿಂದ ಅವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದ್ರೆ ಕೆಲಸಕ್ಕೆ ದೇಶ ಬಿಡೋಕೆ ಸರ್ಕಾರದ ಅನುಮತಿ, ಬೇಕಾಗಲ್ಲ, ಅಂದ್ರೆ ಹೊರಡೋ ಮುಂಚೆ ಅವರ ಕಾಂಟ್ರಾಕ್ಟನ್ನ ಯಾವ ಅಧಿಕಾರೀನೂ ನೋಡಲ್ಲ, ನೋಡೋದು ಮನೆಯವರು ಮಾತ್ರ, ಅವರು ನಂಬೋದು ಪೇಪರಲ್ಲಿ ಬಂದಿದೆಯಲ್ಲ ಅಂತ. ಹಂಗಾಗಿ ಲೈಸೆನ್ಸ್ ನಂಬರ್ ಇಲ್ಲದ ಇಂಥ ಜಾಹೀರಾತನ್ನ ವಾಪಸ್ ಕಳಿಸಿ, ಕೆಲಸದ ವೀಸಾನಾ ಬೇರೆಯದಾ ಅಂತ ಒಂದು ಸಾಲು ಬರೀಲೇಬೇಕು ಅಂತ ಷರತ್ತು ಹಾಕಿ. ಬರೆಯೋಕೆ ಒಪ್ಪದೇ ಇರೋ ಏಜೆಂಟಿನ ಜಾಹೀರಾತು ದುಡ್ಡು ನಿಮಗೂ ಬೇಡ.

ಇಂತಿ,
ಒಬ್ಬ ಟ್ಯಾಕ್ಸ್ ಪ್ರಾಕ್ಟೀಶನರ್
ಬಸವನಹಳ್ಳಿ, ಚಿಕ್ಕಮಗಳೂರು